ಆಲೂಗಡ್ಡೆ ಸಿಕ್ಕಿಕೊಂಡ ಹಸು, ತಂತಿ ನುಂಗಿದ ಹಸು: ಒಳಾಂಗದ ನೋವಿಗೆ ಹಾಕುವ ಸೂಜಿ ಏನು ಮಾಡುತ್ತದೆ?

ಹಾಸನದ ಸುತ್ತ ಆಲೂಗಡ್ಡೆ ಕೀಳುವ ಕಾಲ ಬಂತೆಂದರೆ ನಮ್ಮಂತಹ ಪಶುವೈದ್ಯರಿಗೆ ಒಂದು ಬಗೆಯ ಕರೆ ತಪ್ಪದೆ ಬರುತ್ತದೆ. ಹೊಲದ ಬದುವಿನಲ್ಲಿ ಬಿದ್ದಿದ್ದ ಗೆಡ್ಡೆಯನ್ನು ಹಸು ಅಗಿಯದೆ ನುಂಗಿರುತ್ತದೆ. ಗೆಡ್ಡೆ ಅನ್ನನಾಳದಲ್ಲಿ ಸಿಕ್ಕಿಕೊಂಡು, ತೇಗು ಹೊರಬರಲಾರದೆ, ಎಡಪಕ್ಕೆ ತಮಟೆಯಂತೆ ಬಿಗಿದಿರುತ್ತದೆ. ಹಸು ಜೊಲ್ಲು ಸುರಿಸುತ್ತಾ, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತಾ ನಿಂತಲ್ಲಿ ನಿಲ್ಲದಾಗುತ್ತದೆ. ಆಲೂರು ಕಡೆಯ ಒಂದು ಹಳ್ಳಿಯಲ್ಲಿ ಇಂತಹದೇ ಹಸುವಿನ ಗಂಟಲಿನಿಂದ ಗೆಡ್ಡೆಯನ್ನು ಬಿಡಿಸಿದ್ದೆ. ಗಾಳಿ ಹೊರನುಗ್ಗಿದ ಕೆಲವೇ ನಿಮಿಷಗಳಲ್ಲಿ ಅದು ಶಾಂತವಾಗಿ ಹುಲ್ಲಿನ ಕಡೆ ತಿರುಗಿತು. ನೋವಿನ ಸೂಜಿಯ ಅಗತ್ಯ ಬೀಳಲಿಲ್ಲ.

ಒಂದು ವಾರ ಕಳೆದ ಮೇಲೆ ಅದೇ ಕೊಟ್ಟಿಗೆಯಿಂದ ಮತ್ತೆ ಕರೆ ಬಂತು. ಈ ಬಾರಿ ಪಕ್ಕದ ಗೂಟದ ಹಸು. ರಾತ್ರಿ ಬೆಳಗಾಗುವುದರೊಳಗೆ ಹಾಲು ಒಂಬತ್ತು ಲೀಟರಿನಿಂದ ಎರಡಕ್ಕೆ ಇಳಿದಿತ್ತು. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲುಗಳ ಮೊಣಕೈಯನ್ನು ಹೊರಕ್ಕೆ ಚಾಚಿ, ಕದಲಲು ಮನಸ್ಸಿಲ್ಲದೆ ನಿಂತಿತ್ತು. ಹೆಗಲಿನ ಹಿಂಭಾಗವನ್ನು ಎರಡೂ ಕೈಗಳಿಂದ ಬಿಗಿಯಾಗಿ ಚಿವುಟಿದರೆ ಆರೋಗ್ಯವಾಗಿರುವ ಹಸು ಬೆನ್ನನ್ನು ಕೆಳಗೆ ತಗ್ಗಿಸುತ್ತದೆ. ಇದು ತಗ್ಗಿಸಲಿಲ್ಲ, ಉಸಿರು ಬಿಗಿಹಿಡಿದು ನರಳಿತು. ಮನೆ ಕಟ್ಟುವ ಕೆಲಸ ಎದುರಿನಲ್ಲೇ ನಡೆಯುತ್ತಿತ್ತು, ಕಬ್ಬಿಣ ಕಟ್ಟುವ ತಂತಿಯ ತುಂಡುಗಳು ಮೇವಿನ ರಾಶಿಯವರೆಗೂ ಹರಡಿದ್ದವು. ನಾನು ಮೆಲೋಕ್ಸಿಕ್ಯಾಮ್ ಸೂಜಿಯನ್ನು ಸಿದ್ಧಪಡಿಸುತ್ತಿದ್ದಾಗ ಮನೆಯಾಕೆ ಕೇಳಿದರು: "ಸಾರ್, ಹೋದ ವಾರ ಹೊಟ್ಟೆ ಉಬ್ಬರಿಸಿದ್ದಾಗ ನೋವಿನ ಸೂಜಿ ಬೇಡ ಅಂದ್ರಿ. ಈವತ್ತು ಅದನ್ನೇ ಹಾಕ್ತಾ ಇದ್ದೀರಿ. ಎರಡೂ ಹೊಟ್ಟೆನೋವೇ ಅಲ್ವಾ?"

ಈ ಪ್ರಶ್ನೆಗೆ ಕೊಟ್ಟಿಗೆಯಲ್ಲಿ ನಿಂತು ಕೊಟ್ಟ ಉತ್ತರ ಎರಡು ವಾಕ್ಯದ್ದು. ಪೂರ್ಣ ಉತ್ತರವು ಅರವತ್ತು ವರ್ಷಗಳಿಂದ ನಾಯಿ, ಇಲಿಗಳ ಮೇಲೆ ನಡೆದಿರುವ ಪ್ರಯೋಗಗಳಲ್ಲಿದೆ.

ಒಳಾಂಗದ ನೋವು ಚರ್ಮದ ನೋವಿನಂತಲ್ಲ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ಇದನ್ನು ಯಾರಿಗಾದರೂ ಕಣ್ಣಾರೆ ತೋರಿಸಬೇಕೆಂದರೆ ಹಸುವಿನ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು ತೋರಿಸಬೇಕು. ನಿಂತ ಹಸುವಿನ ಎಡಪಕ್ಕೆಯ ಚರ್ಮ ಮತ್ತು ಮಾಂಸಖಂಡಗಳನ್ನು ಮಾತ್ರ ಮರಗಟ್ಟಿಸಿ ಒಳಗೆ ಹೋಗುತ್ತೇವೆ; ಮೇವಿನಿಂದ ತುಂಬಿದ ದೊಡ್ಡ ಹೊಟ್ಟೆಗೆ ಯಾವ ಮರಗಟ್ಟಿಸುವ ಮದ್ದನ್ನೂ ಕೊಟ್ಟಿರುವುದಿಲ್ಲ. ಆದರೂ ಅದರ ಗೋಡೆಯನ್ನು ಬ್ಲೇಡಿನಿಂದ ಕೊಯ್ಯುವಾಗ ಹಸು ಬೆಚ್ಚುವುದಿಲ್ಲ. ಅದೇ ಹೊಟ್ಟೆಯನ್ನು ಜೋರಾಗಿ ಹೊರಕ್ಕೆಳೆದರೆ ಮಾತ್ರ ತಕ್ಷಣ ನರಳಿ ಹಿಂದೆ ಸರಿಯುತ್ತದೆ. ಒಳಾಂಗಗಳು ಕೊಯ್ತಕ್ಕೆ, ಸುಡುವಿಕೆಗೆ ಬಹುಮಟ್ಟಿಗೆ ಕಿವುಡು. ಹಿಗ್ಗಿದಾಗ, ರಕ್ತ ಸಂಚಾರ ನಿಂತಾಗ, ಉರಿಯೂತವಾದಾಗ ಅವು ಕೂಗುತ್ತವೆ. ಬೆನ್ನುಹುರಿಗೆ ಸುದ್ದಿ ತರುವ ನರತಂತುಗಳಲ್ಲಿ ಒಳಾಂಗಗಳಿಂದ ಬರುವವು ಶೇಕಡಾ 10ಕ್ಕಿಂತ ಕಡಿಮೆ, ಮತ್ತು ಆ ಕೆಲವೇ ತಂತುಗಳು ಬೆನ್ನುಹುರಿಯ ಹಲವು ಮಟ್ಟಗಳಲ್ಲಿ ಹರಡಿಕೊಂಡು, ಚರ್ಮ ಮತ್ತು ಮಾಂಸಖಂಡಗಳಿಂದ ಬರುವ ತಂತುಗಳು ಸೇರುವ ನರಕೋಶಗಳನ್ನೇ ಹೋಗಿ ಸೇರುತ್ತವೆ. ಹೊಟ್ಟೆನೋವು ಇಂತಹ ಜಾಗದಲ್ಲೇ ಎಂದು ಬೆರಳಿಟ್ಟು ತೋರಿಸಲಾಗದಿರುವುದಕ್ಕೂ, ಒಳಗಿನ ನೋವು ಬೆನ್ನಿನಲ್ಲೋ ಭುಜದಲ್ಲೋ ಕಾಣಿಸಿಕೊಳ್ಳುವುದಕ್ಕೂ ಈ ಬೆರಕೆಯೇ ಕಾರಣ.

ಹೀಗೆ ಹಿಗ್ಗುವಿಕೆಯ ನೋವು ಒಂದು ಬಗೆ, ಉರಿಯೂತದ ನೋವು ಇನ್ನೊಂದು ಬಗೆ. ಆಲೂಗಡ್ಡೆಯ ಹಸುವಿನದು ಮೊದಲನೆಯದು, ನುಂಗಿದ ತಂತಿ ಹೊಟ್ಟೆಯ ಗೋಡೆಗೆ ಚುಚ್ಚಿ ಉರಿಯೂತವಾದ ಹಸುವಿನದು ಎರಡನೆಯದು. ಉರಿಯೂತ ಶಮನಕಾರಿ ನೋವುನಿವಾರಕಗಳು, ಅಂದರೆ ಆಸ್ಪಿರಿನ್, ಇಂಡೋಮೆಥಾಸಿನ್, ಡೈಕ್ಲೋಫೆನಾಕ್, ಫ್ಲುನಿಕ್ಸಿನ್, ಮೆಲೋಕ್ಸಿಕ್ಯಾಮ್ ಮುಂತಾದವು, ಇವೆರಡರಲ್ಲಿ ಯಾವುದನ್ನು ಮುಟ್ಟುತ್ತವೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಔಷಧಗಳು ಮೆದುಳನ್ನು ಮಂಕುಗೊಳಿಸಿ ನೋವು ಮರೆಸುತ್ತವೆಯೇ ಅಥವಾ ನೋವು ಹುಟ್ಟುವ ಸ್ಥಳದಲ್ಲೇ ಕೆಲಸ ಮಾಡುತ್ತವೆಯೇ ಎಂಬುದು ಬಹುಕಾಲ ಬಗೆಹರಿದಿರಲಿಲ್ಲ. 1964ರಲ್ಲಿ ರಾಬರ್ಟ್ ಲಿಮ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಇದನ್ನು ನೇರವಾಗಿ ಕೇಳಿತು. ಅವರು ಒಂದು ನಾಯಿಯ ಗುಲ್ಮಕ್ಕೆ ಅದರ ಸ್ವಂತ ರಕ್ತ ಹೋಗದಂತೆ ಮಾಡಿ, ಎರಡನೆಯ ನಾಯಿಯ ರಕ್ತ ಅಲ್ಲಿ ಹರಿಯುವಂತೆ ಜೋಡಿಸಿದರು. ಆದರೆ ಗುಲ್ಮದ ನರಗಳನ್ನು ಕಡಿಯದೆ ಮೊದಲ ನಾಯಿಯ ಮೆದುಳಿಗೇ ಸೇರಿರುವಂತೆ ಉಳಿಸಿಕೊಂಡರು. ಹೀಗೆ ಅಂಗ ಒಂದೇ ಆದರೂ ಅದರ ರಕ್ತ ಒಂದು ನಾಯಿಯದು, ಅದರ ಸುದ್ದಿ ತಲುಪುವುದು ಇನ್ನೊಂದು ನಾಯಿಗೆ. ಬಳಿಕ ಆ ಗುಲ್ಮದ ರಕ್ತನಾಳಕ್ಕೆ ಬ್ರಾಡಿಕೈನಿನ್ ಎಂಬ ನೋವು ತರಿಸುವ ವಸ್ತುವನ್ನು ಚುಚ್ಚಿದಾಗ, ಹಗುರವಾದ ಅರಿವಳಿಕೆಯಲ್ಲಿದ್ದ ಮೊದಲ ನಾಯಿ ಕೂಗುತ್ತಿತ್ತು. ಆಸ್ಪಿರಿನ್ ಜಾತಿಯ ಔಷಧವನ್ನು ರಕ್ತ ಕೊಡುವ ನಾಯಿಗೆ, ಅಂದರೆ ಗುಲ್ಮವನ್ನು ಮುಟ್ಟುವಂತೆ ಕೊಟ್ಟಾಗ ಕೂಗು ನಿಂತಿತು. ಅದೇ ಔಷಧವನ್ನು ನೋವು ಅನುಭವಿಸುವ ನಾಯಿಯ ಮೆದುಳಿಗೆ ತಲುಪುವಂತೆ ಕೊಟ್ಟಾಗ ನಿಲ್ಲಲಿಲ್ಲ. ಮಾರ್ಫಿನ್‌ನಲ್ಲಿ ಫಲಿತಾಂಶ ತಿರುವುಮುರುವಾಗಿತ್ತು. ಔಷಧಶಾಸ್ತ್ರದಲ್ಲಿ ಇಷ್ಟು ಸ್ಪಷ್ಟವಾಗಿ ಹೌದು ಅಥವಾ ಇಲ್ಲ ಎಂದು ಹೇಳುವ ಪ್ರಯೋಗಗಳು ಬಹಳ ಇಲ್ಲ. ಇಂದು ಅಂತಹದೊಂದು ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪಲಾರದೆಂಬುದನ್ನೂ ಇದರ ಜೊತೆಗೇ ಹೇಳಬೇಕು.

ಸ್ಥಳ ಗೊತ್ತಾಯಿತು, ಆದರೆ ಅಲ್ಲಿ ಔಷಧ ಏನು ಮಾಡುತ್ತದೆಂದು ಗೊತ್ತಾಗಲು 1971ರವರೆಗೆ ಕಾಯಬೇಕಾಯಿತು. ಆ ವರ್ಷ ಲಂಡನ್ನಿನಲ್ಲಿ ಜಾನ್ ವೇನ್ ಅವರು ಗಿನಿಯಿಲಿಯ ಶ್ವಾಸಕೋಶವನ್ನು ಅರೆದ ದ್ರಾವಣದಲ್ಲಿ ಆಸ್ಪಿರಿನ್ ಮತ್ತು ಇಂಡೋಮೆಥಾಸಿನ್ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುತ್ತವೆಂದು ತೋರಿಸಿದರು. ಅವರ ಸಹೋದ್ಯೋಗಿಗಳು ಅದೇ ಸಮಯದಲ್ಲಿ ನಾಯಿಯ ಗುಲ್ಮದಲ್ಲೂ ಇದನ್ನೇ ಕಂಡರು. ವೇನ್ ಅವರಿಗೆ 1982ರಲ್ಲಿ ಬರ್ಗ್‌ಸ್ಟ್ರೋಮ್ ಮತ್ತು ಸಾಮ್ಯುಯೆಲ್ಸನ್ ಅವರೊಂದಿಗೆ ನೊಬೆಲ್ ಬಹುಮಾನ ಬಂತು. ಅಂಗಾಂಶಕ್ಕೆ ಗಾಯವಾದಾಗ ಜೀವಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್, ಎಂಬ ಕಿಣ್ವ ಅದನ್ನು ಪ್ರೊಸ್ಟಾಗ್ಲ್ಯಾಂಡಿನ್‌ಗಳ ದಾರಿಗೆ ತಿರುಗಿಸುತ್ತದೆ. ನಮ್ಮ ಔಷಧ ಆ ಕಿಣ್ವದ ಬಾಯಿಗೆ ಬೀಗ ಹಾಕುತ್ತದೆ. ಆಸ್ಪಿರಿನ್ ಹಾಕುವ ಬೀಗ ಮತ್ತೆ ತೆರೆಯುವುದಿಲ್ಲ, ಉಳಿದ ಹೆಚ್ಚಿನವು ಸ್ವಲ್ಪ ಹೊತ್ತಿನ ಮೇಲೆ ಬಿಟ್ಟುಕೊಡುತ್ತವೆ.

ಆದರೆ ಪ್ರೊಸ್ಟಾಗ್ಲ್ಯಾಂಡಿನ್ ತಾನೇ ನೋವುಂಟುಮಾಡುವ ವಸ್ತುವೆಂದು ಭಾವಿಸಿದರೆ ಉಳಿದದ್ದೆಲ್ಲ ತಪ್ಪಾಗಿ ಅರ್ಥವಾಗುತ್ತದೆ. 1973ರಲ್ಲಿ ಫೆರೇರಾ, ಮೊಂಕಾಡಾ ಮತ್ತು ವೇನ್ ಮತ್ತೆ ನಾಯಿಯ ಗುಲ್ಮಕ್ಕೇ ಮರಳಿದರು. ಬ್ರಾಡಿಕೈನಿನ್ ಕೊಟ್ಟಾಗ ನೋವಿನ ಪ್ರತಿವರ್ತನೆಯಾಗಿ ನಾಯಿಯ ರಕ್ತದೊತ್ತಡ ಏರುತ್ತಿತ್ತು, ಗುಲ್ಮದಿಂದ ಪ್ರೊಸ್ಟಾಗ್ಲ್ಯಾಂಡಿನ್ ಹೊರಬರುತ್ತಿತ್ತು. ಇಂಡೋಮೆಥಾಸಿನ್ ಕೊಟ್ಟ ಮೇಲೆ ಪ್ರೊಸ್ಟಾಗ್ಲ್ಯಾಂಡಿನ್ ನಿಂತಿತು, ಒತ್ತಡದ ಏರಿಕೆಯೂ ತಗ್ಗಿತು; ಹೊರಗಿನಿಂದ ಸ್ವಲ್ಪ ಪ್ರೊಸ್ಟಾಗ್ಲ್ಯಾಂಡಿನ್ ಹರಿಸಿದಾಗ ಬ್ರಾಡಿಕೈನಿನ್‌ನ ಕಾವು ಮತ್ತೆ ಹೆಚ್ಚಿತು. ಅಂದರೆ ಪ್ರೊಸ್ಟಾಗ್ಲ್ಯಾಂಡಿನ್ ನೋವಿನ ಕಿಡಿಯಲ್ಲ, ನರದ ತುದಿಯನ್ನು ಒಣಹುಲ್ಲಿನಂತೆ ಮಾಡಿಡುವ ಬಿಸಿಲು. ನರಕೋಶದೊಳಗೆ ನಡೆಯುವುದನ್ನು ಹೀಗೆ ವಿವರಿಸಬಹುದು: ಪ್ರೊಸ್ಟಾಗ್ಲ್ಯಾಂಡಿನ್ ಇ2 ಮತ್ತು ಅದೇ ಗುಂಪಿನ ಪ್ರೊಸ್ಟಾಸೈಕ್ಲಿನ್ ತಮ್ಮ ಗ್ರಾಹಕಗಳನ್ನು ಹಿಡಿದಾಗ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚುತ್ತದೆ; ಅದರಿಂದ ಎಚ್ಚೆತ್ತ ಕಿಣ್ವಗಳು ನರದ ಮೇಲಿನ ಸೋಡಿಯಂ ಕಾಲುವೆಗಳನ್ನೂ, ಬಿಸಿ ಮತ್ತು ಆಮ್ಲವನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಕಾಲುವೆಯನ್ನೂ ಬದಲಿಸಿ, ಮೊದಲು ಲೆಕ್ಕಕ್ಕೇ ಬಾರದಿದ್ದ ಸಣ್ಣ ಒತ್ತಡಕ್ಕೂ ಅವು ಬಾಯಿ ತೆರೆಯುವಂತೆ ಮಾಡುತ್ತವೆ. ತಂತಿಯ ಹಸು ಇಳಿಜಾರಿನಲ್ಲಿ ಹೆಜ್ಜೆ ಇಡಲೂ ಹೆದರುವುದು ಇದರಿಂದ. ಅದರ ಹೊಟ್ಟೆಯ ಚೀಲ ಇತರ ಹಸುಗಳ ಚೀಲದಂತೆಯೇ ಅಲುಗುತ್ತದೆ, ಆದರೆ ಆ ಅಲುಗಾಟವೇ ಈಗ ನೋವಾಗಿ ದಾಖಲಾಗುತ್ತಿದೆ. ಔಷಧ ಮಾಡುವುದಿಷ್ಟೇ: ಎತ್ತರಿಸಿದ ಸೂಕ್ಷ್ಮತೆಯನ್ನು ಅದರ ಹಳೆಯ ಮಟ್ಟಕ್ಕೆ ಇಳಿಸುತ್ತದೆ. ಹಳೆಯ ಮಟ್ಟಕ್ಕಿಂತ ಕೆಳಗೆ ಇಳಿಸುವ ಶಕ್ತಿ ಅದಕ್ಕಿಲ್ಲ.

ಇದನ್ನು ಸಾವಿರಾರು ಪ್ರಯೋಗಾಲಯಗಳು ಪರೀಕ್ಷಿಸಿದ್ದು ಪುಟ್ಟ ಬಿಳಿ ಇಲಿಗಳಲ್ಲಿ. 1950ರ ದಶಕದ ಕೊನೆಯಲ್ಲಿ ರೂಢಿಗೆ ಬಂದ ಈ ವಿಧಾನ ನೋಡಲು ಬಹಳ ಸರಳ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಬಹಳ ತೆಳುವಾಗಿಸಿ, ಸಾಮಾನ್ಯವಾಗಿ ಶೇಕಡಾ 0.6ರಷ್ಟು, ಇಲಿಯ ಉದರದ ಒಳಕ್ಕೆ ಚುಚ್ಚುತ್ತಾರೆ. ಕೆಲವು ನಿಮಿಷಗಳಲ್ಲಿ ಇಲಿ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಮೈಯನ್ನು ನೀಳವಾಗಿ ಚಾಚಿ, ಹಿಂಗಾಲನ್ನು ಹಿಂದಕ್ಕೆ ನೀಡುತ್ತದೆ. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಹೀಗೆ ಎಷ್ಟು ಬಾರಿ ಮುರುಟಿಕೊಂಡಿತೆಂದು ಎಣಿಸುತ್ತಾರೆ. ಮೊದಲೇ ಔಷಧ ಕೊಟ್ಟಿದ್ದರೆ ಎಣಿಕೆ ಇಳಿಯುತ್ತದೆ. ಉದರದ ದ್ರವವನ್ನು ತೆಗೆದು ಪರೀಕ್ಷಿಸಿದವರಿಗೆ ಅದರಲ್ಲಿ ಪ್ರೊಸ್ಟಾಸೈಕ್ಲಿನ್ ಏರಿರುವುದು, ಔಷಧ ಕೊಟ್ಟಾಗ ಅದು ಇಳಿಯುವುದು ಕಂಡಿದೆ. ಉದರಪೊರೆಯಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್ ಮತ್ತು ಮಾಸ್ಟ್ ಕೋಶಗಳು ಈ ಪ್ರತಿಕ್ರಿಯೆಯನ್ನು ಹೊತ್ತಿಸುತ್ತವೆಂಬುದೂ ತಿಳಿದಿದೆ. ಇನ್ನೂ ನೇರವಾದ ಪುರಾವೆ 1997ರಲ್ಲಿ ಬಂತು. ಪ್ರೊಸ್ಟಾಸೈಕ್ಲಿನ್‌ನ ಗ್ರಾಹಕವೇ ಇಲ್ಲದಂತೆ ಹುಟ್ಟಿಸಿದ ಇಲಿಗಳು, ಯಾವ ಔಷಧವನ್ನೂ ಕೊಡದೆ, ಇಂಡೋಮೆಥಾಸಿನ್ ಪಡೆದ ಸಾಮಾನ್ಯ ಇಲಿಗಳಷ್ಟೇ ಕಡಿಮೆ ಮುರುಟಿಕೊಂಡವು. ಔಷಧ ಮಾಡುವ ಕೆಲಸವನ್ನು ವಂಶವಾಹಿಯ ಒಂದು ತಿದ್ದುಪಡಿ ಮಾಡಿ ತೋರಿಸಿತು.

ಕಾಕ್ಸ್ ಕಿಣ್ವ ಒಂದಲ್ಲ, ಎರಡು ಎಂದು 1990ರ ದಶಕದ ಆರಂಭದಲ್ಲಿ ಗೊತ್ತಾದಾಗ, ಕಾಕ್ಸ್-1 ಮನೆಗೆಲಸದ್ದು, ಕಾಕ್ಸ್-2 ಉರಿಯೂತದ್ದು ಎಂಬ ಸುಲಭದ ವಿಂಗಡಣೆ ಜನಪ್ರಿಯವಾಯಿತು. ಇಲಿಗಳು ಅದನ್ನು ಪೂರ್ತಿ ಒಪ್ಪಲಿಲ್ಲ. ಕಾಕ್ಸ್-1 ಇಲ್ಲದ ಇಲಿಗಳಲ್ಲೂ ಆಮ್ಲದ ಮುರುಟುವಿಕೆ ಕಡಿಮೆಯಾಯಿತು. ಆಮ್ಲ ಬಿದ್ದ ಕೆಲವೇ ನಿಮಿಷಗಳಲ್ಲಿ ಹುಟ್ಟುವ ನೋವಿಗೆ ಹೊಸದಾಗಿ ತಯಾರಾಗಬೇಕಾದ ಕಾಕ್ಸ್-2 ಗಿಂತ, ಅಲ್ಲೇ ಸಿದ್ಧವಾಗಿ ಕುಳಿತಿರುವ ಕಾಕ್ಸ್-1 ಮೊದಲು ಒದಗುತ್ತದೆಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಲಿಮ್ ಅವರ ತೀರ್ಪಿಗೂ ಮುಂದೆ ಒಂದು ತಿದ್ದುಪಡಿ ಬಂತು. 1992ರಲ್ಲಿ ಮಾಲ್ಮ್‌ಬರ್ಗ್ ಮತ್ತು ಯಾಕ್ಷ್ ಅವರು ಇಲಿಯ ಬೆನ್ನುಹುರಿಯ ಸುತ್ತ ಬಹಳ ಸಣ್ಣ ಪ್ರಮಾಣದಲ್ಲಿ ಈ ಔಷಧಗಳನ್ನು ಕೊಟ್ಟರೂ ಹೆಚ್ಚಿದ ನೋವು ತಗ್ಗುತ್ತದೆಂದು ತೋರಿಸಿದರು. 2004ರ ಇನ್ನೊಂದು ಅಧ್ಯಯನ, ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಮೂಗುದಾರ ಹಾಕುವ ಗ್ಲೈಸಿನ್ ಗ್ರಾಹಕವನ್ನು ಪ್ರೊಸ್ಟಾಗ್ಲ್ಯಾಂಡಿನ್ ಇ2 ಸಡಿಲಗೊಳಿಸುತ್ತದೆಂದು ಕಂಡುಕೊಂಡಿತು. ಇವು ಮುಖ್ಯವಾಗಿ ಕಾಲು ಪಾದಗಳ ನೋವಿನ ಪ್ರಯೋಗಗಳು. ಆದರೂ ಒಳಾಂಗ ಮತ್ತು ಚರ್ಮದ ಸಂದೇಶಗಳು ಒಂದೇ ನರಕೋಶಗಳಲ್ಲಿ ಕೂಡುವುದರಿಂದ, ಸೂಜಿಯ ಒಂದಷ್ಟು ಪರಿಣಾಮ ಅಲ್ಲಿಯೂ ಇರುತ್ತದೆಂದು ತಿಳಿಯುವುದು ಸಮಂಜಸ.

ಈಗ ಹಿಗ್ಗುವಿಕೆಯ ವಿಷಯ. ಇದಕ್ಕೆ ಪ್ರಯೋಗಾಲಯದ ದೊಡ್ಡ ಇಲಿಯ ಮಲನಾಳದಲ್ಲಿ ಸಣ್ಣ ಬಲೂನು ಇಟ್ಟು, ಗೊತ್ತಾದ ಒತ್ತಡಕ್ಕೆ ಊದಿ, ಹೊಟ್ಟೆಯ ಸ್ನಾಯುಗಳು ಬಿಗಿಯುವುದನ್ನು ವಿದ್ಯುತ್ ತಂತಿಗಳಿಂದ ಅಳೆಯುವ ವಿಧಾನವಿದೆ. ನೆಸ್ ಮತ್ತು ಗೆಬ್‌ಹಾರ್ಟ್ 1988ರಲ್ಲಿ ಇದನ್ನು ವಿವರವಾಗಿ ಸ್ಥಾಪಿಸಿದರು. ಆರೋಗ್ಯವಾಗಿರುವ ಕರುಳನ್ನು ಹೀಗೆ ಹಿಗ್ಗಿಸಿದಾಗ ಮಾರ್ಫಿನ್ ಜಾತಿಯ ಔಷಧಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಉರಿಯೂತ ಶಮನಕಾರಿಗಳಿಂದ ಅಂತಹ ನೆರವನ್ನು ನಿರೀಕ್ಷಿಸಲಾಗದು. ಬರಿಯ ಹಿಗ್ಗುವಿಕೆಯಲ್ಲಿ ನರ ತನ್ನ ಸಹಜ ಮಟ್ಟದಲ್ಲೇ ಕೂಗುತ್ತಿರುತ್ತದೆ; ಇಳಿಸಲು ಅಲ್ಲಿ ಏರಿಕೆಯೇ ಇಲ್ಲ. ಆಲೂಗಡ್ಡೆಯ ಹಸುವಿಗೆ ಬೇಕಾದದ್ದು ಗಾಳಿ ಹೋಗಲು ದಾರಿಯೇ ಹೊರತು ಕಾಕ್ಸ್‌ಗೆ ಬೀಗವಲ್ಲ.

ಹಾಗಾದರೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗಿನ ನೋವಿಗೆ ವೈದ್ಯರು ಡೈಕ್ಲೋಫೆನಾಕ್ ಕೊಡುವುದೇಕೆ, ಅದೂ ಹಿಗ್ಗುವಿಕೆಯೇ ಅಲ್ಲವೇ ಎಂದು ಯಾರಾದರೂ ಕೇಳಬೇಕು. ಇದು ಈ ವಿಷಯದಲ್ಲೇ ನನಗೆ ಅತ್ಯಂತ ಸೊಗಸಾಗಿ ಕಂಡ ಭಾಗ. ನಾಯಿಗಳ ಮೂತ್ರನಾಳವನ್ನು ಕಟ್ಟಿ ಅಳೆದಾಗ, ಮೊದಲ ಒಂದೆರಡು ಗಂಟೆಗಳಲ್ಲಿ ಕಿಡ್ನಿಗೆ ಹರಿಯುವ ರಕ್ತ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಅಡಚಣೆಗೆ ಸಿಕ್ಕ ಕಿಡ್ನಿ ಪ್ರೊಸ್ಟಾಗ್ಲ್ಯಾಂಡಿನ್ ತಯಾರಿಸಿ ತನ್ನ ರಕ್ತನಾಳಗಳನ್ನು ಹಿಗ್ಗಿಸಿಕೊಳ್ಳುತ್ತದೆ. ಹೆಚ್ಚು ರಕ್ತ ಬಂದರೆ ಸೋಸುವ ಮೂತ್ರವೂ ಹೆಚ್ಚು, ಮುಂದೆ ದಾರಿಯಿಲ್ಲದ ಮೂತ್ರ ಹೆಚ್ಚಿದರೆ ಒಳಗಿನ ಒತ್ತಡವೂ ಹೆಚ್ಚು. ತೂಬು ಮುಚ್ಚಿರುವ ಕೆರೆಗೆ ಮೇಲಿನಿಂದ ಕಾಲುವೆ ಬಿಟ್ಟಂತೆ. ಇಂಡೋಮೆಥಾಸಿನ್ ಕೊಟ್ಟಾಗ ಈ ಹೆಚ್ಚುವರಿ ರಕ್ತದ ಹರಿವು ತಗ್ಗುತ್ತದೆ. ಕಲ್ಲು ಇದ್ದಲ್ಲೇ ಇರುತ್ತದೆ, ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಇಲ್ಲಿ ಔಷಧ ನರದ ಸೂಕ್ಷ್ಮತೆಯ ಜೊತೆಗೆ ಹಿಗ್ಗುವಿಕೆಯ ಮೂಲವನ್ನೇ ಮುಟ್ಟುತ್ತದೆ, ಏಕೆಂದರೆ ಆ ಹಿಗ್ಗುವಿಕೆಯಲ್ಲಿ ಪ್ರೊಸ್ಟಾಗ್ಲ್ಯಾಂಡಿನ್‌ನ ಕೈವಾಡವಿದೆ. ಮುಟ್ಟಿನ ನೋವಿನಲ್ಲೂ ಗರ್ಭಕೋಶವನ್ನು ಹಿಂಡುವುದು ಪ್ರೊಸ್ಟಾಗ್ಲ್ಯಾಂಡಿನ್ ಎಫ್2 ಆಲ್ಫಾ; ಅಲ್ಲಿಯೂ ಈ ಮಾತ್ರೆಗಳು ಫಲಕಾರಿಯಾಗುವುದಕ್ಕೆ ಕಾರಣ ಇಂತಹದೇ.

ಇಷ್ಟೆಲ್ಲ ಹೇಳಿದ ಮೇಲೆ ಇಲಿಗಳ ಎಣಿಕೆಯನ್ನು ಎಷ್ಟು ನಂಬಬೇಕೆಂಬುದನ್ನೂ ಹೇಳಬೇಕಾಗುತ್ತದೆ. ಆಮ್ಲದ ಪರೀಕ್ಷೆ ಬಹಳ ಸೂಕ್ಷ್ಮ, ಆದರೆ ಅಷ್ಟೇ ಸುಲಭವಾಗಿ ಮೋಸಹೋಗುತ್ತದೆ. ನೋವಿಗೆ ಸಂಬಂಧವೇ ಇಲ್ಲದ ಸ್ನಾಯು ಸಡಿಲಿಸುವ ಮದ್ದು, ಅಲರ್ಜಿಯ ಮದ್ದು ಕೊಟ್ಟರೂ ಇಲಿ ಕಡಿಮೆ ಮುರುಟಬಹುದು. ಮುರುಟಲು ಶಕ್ತಿಯಿಲ್ಲದ ಇಲಿಯನ್ನು ನೋವಿಲ್ಲದ ಇಲಿಯೆಂದು ಬರೆದುಕೊಳ್ಳುವ ಅಪಾಯವಿದೆ. ಯಾವುದೋ ಗಿಡದ ಕಷಾಯ ಮುರುಟುವಿಕೆಯನ್ನು ಅರ್ಧಕ್ಕಿಳಿಸಿತೆಂದು ಓದಿದಾಗ ನಾನು ಮೊದಲು ಹುಡುಕುವುದು, ಆ ಇಲಿಗಳು ಸಾಮಾನ್ಯವಾಗಿ ಓಡಾಡುತ್ತಿದ್ದವೇ ಎಂಬ ಸಾಲನ್ನು. 2006ರಲ್ಲಿ ಕೆನಡಾದ ಸಂಶೋಧಕರು, ಜೊತೆಯಲ್ಲಿ ಬೆಳೆದ ಇನ್ನೊಂದು ಇಲಿಯೂ ನೋವಿನಲ್ಲಿ ಮುರುಟುತ್ತಿರುವುದನ್ನು ಕಂಡ ಇಲಿ ತಾನೂ ಹೆಚ್ಚು ಮುರುಟುತ್ತದೆಂದು ತೋರಿಸಿದರು. ಹಾಗಾಗಿ ಒಂದೇ ಪಂಜರದಲ್ಲಿ ಎಷ್ಟು ಇಲಿಗಳನ್ನು ಕೂರಿಸಿದರೆಂಬುದು ಕೂಡ ಎಣಿಕೆಯನ್ನು ಬದಲಿಸುತ್ತದೆ. ಈ ಕಾರಣಕ್ಕೆ ಈಚಿನ ಅಧ್ಯಯನಗಳು, ನೋವಿನಿಂದ ಪ್ರಾಣಿ ಏನನ್ನು ಹೊಸದಾಗಿ ಮಾಡುತ್ತದೆ ಎಂಬುದರ ಜೊತೆಗೆ ಏನನ್ನು ಮಾಡುವುದು ಬಿಡುತ್ತದೆ ಎಂಬುದನ್ನೂ ನೋಡುತ್ತವೆ. ಆಮ್ಲ ಚುಚ್ಚಿಸಿಕೊಂಡ ಇಲಿ ತನಗೆ ಪ್ರಿಯವಾದ ಪ್ರತಿಫಲಕ್ಕಾಗಿ ಸನ್ನೆ ಒತ್ತುವುದನ್ನು ಕಡಿಮೆ ಮಾಡುತ್ತದೆ, ಕೀಟೋಪ್ರೊಫೆನ್ ಕೊಟ್ಟಾಗ ಮತ್ತೆ ಒತ್ತತೊಡಗುತ್ತದೆ. ನಿಶ್ಶಕ್ತಿ ತರಿಸುವ ಮದ್ದು ಹೀಗೆ ಮೋಸ ಮಾಡಲಾರದು. ಹಾಲು ಕಡಿಮೆಯಾಯಿತು, ಮೆಲುಕು ನಿಂತಿತು ಎಂದು ರೈತರು ಹೇಳುವುದೂ ಇದೇ ಬಗೆಯ ಅಳತೆ.

ಕೀಟೋಪ್ರೊಫೆನ್ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಇಲಿ, ನಾಯಿಗಳಲ್ಲಿ ನೋವು ಕಳೆಯುವ ಇದೇ ಔಷಧಗಳು ರಣಹದ್ದುಗಳ ಕಿಡ್ನಿಯನ್ನು ಕೊಂದವು. ಡೈಕ್ಲೋಫೆನಾಕ್ ಪಡೆದು ಸತ್ತ ದನಗಳನ್ನು ತಿಂದದ್ದೇ ಹದ್ದುಗಳ ನಾಶಕ್ಕೆ ಕಾರಣವೆಂದು 2004ರಲ್ಲಿ ಸಾಬೀತಾಯಿತು. ಭಾರತದಲ್ಲಿ ದನಗಳಿಗೆ ಡೈಕ್ಲೋಫೆನಾಕ್ 2006ರಿಂದ, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ 2023ರಿಂದ ನಿಷಿದ್ಧ. ನನ್ನ ಚೀಲದಲ್ಲಿ ಮೆಲೋಕ್ಸಿಕ್ಯಾಮ್ ಇರುವುದಕ್ಕೆ ಅದು ಹದ್ದುಗಳಿಗೆ ಸುರಕ್ಷಿತವೆಂಬುದೂ ಒಂದು ಕಾರಣ. ಮನುಷ್ಯರ ಮಾತ್ರೆಯನ್ನು ಮನೆಯ ಬೆಕ್ಕಿಗೋ ನಾಯಿಗೋ ಕೊಡುವವರಿಗೂ ಇದನ್ನೇ ಹೇಳುತ್ತೇನೆ: ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಬಲ್ಲದು. ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಪ್ರೊಸ್ಟಾಗ್ಲ್ಯಾಂಡಿನ್, ನೀರು ಕಡಿಮೆಯಾದ ದೇಹದಲ್ಲಿ ಕಿಡ್ನಿಗೆ ರಕ್ತ ಉಳಿಸುವುದೂ ಅದೇ.

ತಂತಿಯ ಹಸುವಿಗೆ ನಾಲ್ಕುನೂರು ಕಿಲೋ ತೂಕದ ಲೆಕ್ಕದಲ್ಲಿ, ಕಿಲೋಗೆ ಅರ್ಧ ಮಿಲಿಗ್ರಾಂನಂತೆ 200 ಮಿಲಿಗ್ರಾಂ ಮೆಲೋಕ್ಸಿಕ್ಯಾಮ್ ಕೊಟ್ಟು, ಆಂಟಿಬಯಾಟಿಕ್ ಶುರುಮಾಡಿ, ಬಾಯಿಯ ಮೂಲಕ ಅಯಸ್ಕಾಂತ ನುಂಗಿಸಿ, ಮುಂಗಾಲು ಎತ್ತರದಲ್ಲಿರುವಂತೆ ಹಲಗೆ ಹಾಕಿ ಕಟ್ಟಿಸಿದೆ. ಮಾರನೆಯ ದಿನ ಆ ಮನೆಯಾಕೆ ಫೋನಿನಲ್ಲಿ, ಹಸು ರಾಗಿಹುಲ್ಲು ತಿಂದಿತು, ವಾಸಿಯಾಯಿತು ಎಂದರು. ಬೆನ್ನು ಚಿವುಟಿ ನೋಡಲು ನಾನು ಆ ದಿನ ಹೋಗಲಿಲ್ಲ. ಹಾಲು ಕೊಡುವ ಹಸುವಿನ ರಕ್ತದಲ್ಲಿ ಮೆಲೋಕ್ಸಿಕ್ಯಾಮ್ ಅರ್ಧಕ್ಕಿಳಿಯಲೇ ಸುಮಾರು ಹದಿನೇಳೂವರೆ ಗಂಟೆ ಹಿಡಿಯುತ್ತದೆ. ಮಾರನೆಯ ದಿನವೇ ಚಿವುಟಿದರೆ ಸಿಗುವ ಉತ್ತರ ಹಸುವಿನದಲ್ಲ, ಔಷಧದ್ದು. ಐದನೆಯ ದಿನ ಬೆಳಿಗ್ಗೆ ಹೋಗಿ ಚಿವುಟಿದೆ. ಹಸು ಬೆನ್ನನ್ನು ಮೆಲ್ಲಗೆ ಕೆಳಗೆ ತಗ್ಗಿಸಿತು.